ಸಪ್ಪಳ ಕಡಿಮೆ ಇರೋದು ತೋರಸ್ರಿ

ಕರೆಂಟ್ ಹೋದರೆ ಬೆಳಗಾವಿಯೆಲ್ಲ ಬೈಯುತ್ತಿತ್ತು, ನಾವು ಮಾತ್ರ ಅಂಗಡಿಯ ಇನ್ನೊಂದು ಬಾಗಿಲನ್ನೂ ತೆಗೆಯುತ್ತಿದ್ದೆವು. ಎಂಬತ್ತರ ದಶಕದ ನಡುವಿನ ಮಾತಿದು. ಕೈಯಲ್ಲಿ ಹಿಡಿದುಕೊಂಡು ಒಯ್ಯಬಹುದಾದ ಸಣ್ಣ ಜನರೇಟರುಗಳು ಆಗಷ್ಟೇ ಬರತೊಡಗಿದ್ದವು. ನಾನು ಖಡೇ ಬಜಾರದ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಷಿನ್ನನ್ನು ಗಿರಾಕಿಗಳ ಮನೆಗೆ ಒಯ್ದು, ಹಗ್ಗ ಜಗ್ಗಿ ಹಚ್ಚಿ ತೋರಿಸಿ, ಅವರಿಗೆ ಯಾವುದು ಹೊಂದುತ್ತದೆ ಎಂದು ಹೇಳುವುದು ನನ್ನ ಕೆಲಸ. ಜನ ಮಷಿನ್ ಆರಿಸಲು ಕುಳಿತರೆಂದರೆ ಏನಾದರೊಂದು ಆಗದೆ ಇರುತ್ತಿರಲಿಲ್ಲ. ಆದರೆ ಆಗುವ ಹೊತ್ತಿನಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ. ನನಗಂತೂ ಬರುತ್ತಿರಲಿಲ್ಲ.

ಸಾವಕಾರರ ಮನೆ

ಅಂಗಡಿಯ ಮಾಲೀಕರಾದ ನಮ್ಮ ಸಾವಕಾರರು ಜೈನರು, ಮಾತು ಕಡಿಮೆ, ಸುಳ್ಳು ಇಲ್ಲವೇ ಇಲ್ಲ. ತಾನು ಮಾರುವ ಸಾಮಾನು ತನ್ನ ಮನೆಯಲ್ಲಿ ಇರದಿದ್ದರೆ ಗಿರಾಕಿ ಹೇಗೆ ನಂಬಬೇಕು ಎಂಬುದು ಅವರ ವಿಚಾರ. ಹೀಗಾಗಿ ಬಂದ ಮೊದಲ ಮಷಿನ್ನನ್ನೇ ತಮ್ಮ ಮನೆಗೆ ಹೊರಿಸಿಕೊಂಡು ನಡೆದರು. ನಾನು ಹಿತ್ತಲಲ್ಲಿ ಇಟ್ಟು, ಅಡುಗೆಮನೆಯತನಕ ವಾಯರ್ ಎಳೆದೆ. ಹೊತ್ತು ಮುಳುಗುತ್ತಿತ್ತು. ಸಾವಕಾರರ ತಾಯಿ, ಎಲ್ಲರೂ ಆಯಿ ಎಂದು ಕರೆಯುವ ಹಿರಿಯ ಜೀವ, ಪಡಸಾಲೆಯಲ್ಲಿ ಜಪದ ಮಾಲೆ ಹಿಡಿದು ಕುಳಿತಿದ್ದರು. ಮಗ ಅವರ ಮುಂದೆ ನಿಂತು, ಇನ್ನು ಮೇಲೆ ಕರೆಂಟ್ ಹೋದರೂ ಮನೆಯಲ್ಲಿ ಹಗಲು ಇದ್ದಹಾಗೆ ಇರುತ್ತದೆ, ಅಡುಗೆ ಊಟ ಯಾವುದಕ್ಕೂ ತೊಂದರೆ ಇಲ್ಲ ಎಂದು ವಿವರಿಸಿದರು.

ಆಯಿ ಮಾಲೆ ನಿಲ್ಲಿಸಿ ಕೇಳಿದರು, "ಹೊತ್ತ ಮುಣಗೂದರಾಗ ನಮ್ಮನಿ ಊಟ ಮುಗಿದಿರತೈತಿ. ಒಲಿ ಆರಿರತೈತಿ. ದೀಪಾ ಹಚ್ಚಿದ್ರ ಹುಳಾ ಬಂದು ಸಾಯತಾವು. ಕಣ್ಣ ಮುಚ್ಚಿ ಮಲಗಾಕ ಎಷ್ಟ ಬೆಳಕ ಬೇಕಪಾ ನಿನಗ?"

ಸಾವಕಾರರು ನನ್ನ ಕಡೆ ತಿರುಗಿ, ವಾಯರ್ ಸುತ್ತಿಕೋ ಎಂದರು.

ಮುಂದೆ ಎಷ್ಟೋ ಗಿರಾಕಿಗಳು, "ನಿಮ್ಮ ಮನ್ಯಾಗ ಯಾವ ಮಷಿನ್ ಐತ್ರಿ?" ಎಂದು ಕೇಳುವರು. ಸುಳ್ಳು ಹೇಳದ ಸಾವಕಾರರು ಗಂಭೀರವಾಗಿ ಉತ್ತರಿಸುವರು: "ನಮ್ಮ ಮನ್ಯಾಗ ನಮ್ಮ ಆಯಿ ಅದಾರ್ರೀ."

ಖಾನಾಪುರದ ಅಡವಿಯಲ್ಲಿ

ಭೂಗೋಳ ಕಲಿಸುವ ಪ್ರೊಫೆಸರರೊಬ್ಬರು ಪ್ರತಿ ವರ್ಷ ಗೆಳೆಯರನ್ನು ಕಟ್ಟಿಕೊಂಡು ಖಾನಾಪುರದಾಚೆಯ ಅಡವಿಯಲ್ಲಿ ತಂಬು ಹೊಡೆಯುತ್ತಿದ್ದರು. ಆ ವರ್ಷ ಗೆಳೆಯರೆಲ್ಲ ಬೆಳಕಿಲ್ಲದೆ ಬರುವುದಿಲ್ಲ ಎಂದು ಹಟ ಹಿಡಿದರಂತೆ. ಪ್ರೊಫೆಸರರು ಮನಸ್ಸಿಲ್ಲದ ಮನಸ್ಸಿನಿಂದ ಅಂಗಡಿಗೆ ಬಂದು, ಇದ್ದುದರಲ್ಲೇ ಹಗುರಾದದ್ದನ್ನು ಆರಿಸಿದರು. ಕೊಳ್ಳುವ ಮೊದಲು ಅಡವಿಯಲ್ಲೇ ಪರೀಕ್ಷೆ ಆಗಲಿ ಎಂದು ನನ್ನನ್ನೂ ಜೊತೆಗೆ ಕರೆದುಕೊಂಡರು.

ಮಲಪ್ರಭೆಯ ದಂಡೆಗೆ ತಂಬು ಎದ್ದಿತು. ಮಬ್ಬುಗತ್ತಲಾಗುತ್ತಿದ್ದಂತೆ ಮಷಿನ್ ಹಚ್ಚಿದೆ, ಬಲ್ಬು ಹತ್ತಿತು, ಎಲ್ಲರಿಗೂ ಸಮಾಧಾನವಾಯಿತು. ಪ್ರೊಫೆಸರರ ಮುಖ ಮಾತ್ರ ಬಾಡಿತು. ಗೂಡಿಗೆ ಮರಳುವ ಹಕ್ಕಿಗಳ ದನಿ ಕೇಳಲೆಂದೇ ಅವರು ವರ್ಷವೆಲ್ಲ ಕಾಯುತ್ತಿದ್ದರು. ಕೇಳುತ್ತಿದ್ದದ್ದು ಮಷಿನ್ನಿನ ಡಬಡಬ ಒಂದೇ. ಅವರ ಮುಖ ನೋಡಲಾಗದೆ ಒಬ್ಬರು, ಸ್ವಲ್ಪ ಹೊತ್ತು ಆರಿಸು ಎಂದರು. ಆರಿಸಿದೆ.

ಆರಿಸಿದ ಕೂಡಲೇ ಪೊದೆಯಲ್ಲಿ ಏನೋ ಸರಿದಾಡಿದ ಸಪ್ಪಳ. ಕರಡಿ ಇರಬೇಕು ಎಂದು ಯಾರೋ ಪಿಸುಗುಟ್ಟಿದರು. ಎಲ್ಲರೂ ನನಗೆ, ಹಚ್ಚು ಎಂದರು. ಹಚ್ಚಿದೆ. ಬೆಳಕಿನಲ್ಲಿ ಏನೂ ಕಾಣಲಿಲ್ಲ. ಅದು ಹೋಯಿತೋ ಇನ್ನೂ ಅಲ್ಲೇ ಇದೆಯೋ ತಿಳಿಯಬೇಕಾದರೆ ಕಿವಿಗೊಟ್ಟು ಕೇಳಬೇಕು, ಅದಕ್ಕೆ ಮಷಿನ್ ಆರಿಸಬೇಕು. ಆರಿಸಿದೆ. ಮತ್ತೆ ಸಪ್ಪಳ, ಈ ಸಲ ಇನ್ನೂ ಹತ್ತಿರದಲ್ಲಿ. ಮತ್ತೆ ಹಚ್ಚಿದೆ. ಹಗ್ಗ ಜಗ್ಗಿ ಜಗ್ಗಿ ನನ್ನ ರಟ್ಟೆ ಸೋತುಹೋಯಿತು. ಬೆಳಕಿದ್ದರೆ ಕೇಳಿಸದು, ಕೇಳಿಸಿದರೆ ಕಾಣದು. ಗೆಳೆಯರೆಲ್ಲ ತಂಬಿನೊಳಗೆ ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತರು. ನನಗೂ ಊರಲ್ಲಿದ್ದ ಹೆಂಡತಿಯ ನೆನಪಾಯಿತು.

ಕೊನೆಗೆ ಪೊದೆ ಸರಿಸಿಕೊಂಡು ಅದು ತಾನೇ ಹೊರಗೆ ಬಂದಿತು. ಗೌಳಿಗರ ಎಮ್ಮೆ. ಸೊಳ್ಳೆಗೆ ಬೇಸತ್ತಿತ್ತೋ ಏನೋ, ಮಷಿನ್ನಿನ ಹೊಗೆ ಬರುವ ಕಡೆ ಹಾಯಾಗಿ ಮೈ ಚೆಲ್ಲಿ ಮಲಗಿತು. ಎಷ್ಟು ಅಟ್ಟಿದರೂ ಏಳಲಿಲ್ಲ.

ಪ್ರೊಫೆಸರರು ಅದನ್ನು ಬಹಳ ಹೊತ್ತು ನೋಡಿ ನನಗೆ ಹೇಳಿದರು, "ನಿಮ್ಮ ಮಷಿನ್ ಕೆಟ್ಟದ್ದಲ್ರಿ. ಆದ್ರ ನಾ ಕಂದೀಲನ ತಗೋತೀನಿ. ಅದಕ್ಕ ಬೆಳಕ ಐತಿ, ಬಾಯಿ ಇಲ್ಲ."

ಗಾರ್ಡ್ ಚಾಚಾ

ಖಾಸಬಾಗದಲ್ಲಿ ರೇಲ್ವೆ ಗಾರ್ಡ್ ಆಗಿ ನಿವೃತ್ತರಾದ ಮುಸಲ್ಮಾನ ಹಿರಿಯರೊಬ್ಬರಿದ್ದರು. ನಾವು ಚಾಚಾ ಎನ್ನುತ್ತಿದ್ದೆವು. ಅವರ ಹೆಂಡತಿ ಚಾಚಿಗೆ ದಮ್ಮಿನ ಬೇನೆ. ಬೇಸಿಗೆಯ ಮಧ್ಯಾಹ್ನ ಫ್ಯಾನ್ ನಿಂತರೆ ಅವರ ಉಸಿರೂ ನಿಂತಂತಾಗುತ್ತಿತ್ತು. ಚಾಚಾ ಅಂಗಡಿಗೆ ಬಂದಾಗ ಮೊದಲು ಕೇಳಿದ್ದು, ಮಷಿನ್ನನ್ನು ಮಂಚದ ಬದಿಗೇ ಇಡಬಹುದೇ ಎಂದು. ನಾನು ಗಟ್ಟಿಯಾಗಿಯೇ ಬೇಡವೆಂದೆ. ಅದರ ಹೊಗೆ ಮುಚ್ಚಿದ ಕೋಣೆಯಲ್ಲಿ ಗಟ್ಟಿಮುಟ್ಟಾದವರ ಜೀವವನ್ನೇ ತೆಗೆಯುತ್ತದೆ, ಚಾಚಿಯಂಥವರ ಪಾಡೇನು. ಅವರು ಚಿಮಣಿ ಎಣ್ಣೆಯಿಂದ, ಅಂದರೆ ಸೀಮೆಎಣ್ಣೆಯಿಂದ ನಡೆಯುವ ಒಂದು ಮಷಿನ್ ಮತ್ತು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಉದ್ದದ ವಾಯರ್ ಆರಿಸಿದರು. ಹಿತ್ತಲಿನ ಬೇವಿನ ಮರದ ಕೆಳಗೆ ಇಟ್ಟುಕೊಟ್ಟು ಬಂದೆ.

ಕೆಲವು ದಿನ ಬಿಟ್ಟು ಮಷಿನ್ ಹೇಗಿದೆ ಎಂದು ನೋಡಲು ಹೋದೆ. ಕರೆಂಟ್ ಇರಲಿಲ್ಲ. ಚಾಚಾ ಬೇವಿನ ಕೆಳಗೆ ಮಷಿನ್ನಿನ ಪಕ್ಕ ಕುರ್ಚಿ ಹಾಕಿಕೊಂಡು, ಬೆವರು ಸುರಿಸುತ್ತ, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ನಡೆಯುತ್ತಿರುವ ಗಾಡಿಯನ್ನು ಗಾರ್ಡ್ ಬಿಟ್ಟು ಹೋಗಬಾರದಂತೆ. ತೊಡೆಯ ಮೇಲೆ ಹಳೆಯ ಹಸಿರು ಬಾವುಟ, ಕೆಂಪು ಬಾವುಟ. ಸಪ್ಪಳದಲ್ಲಿ ಮಾತು ಕೇಳದ್ದರಿಂದ ಅವರು ಆಗಾಗ ಹಸಿರು ಬಾವುಟ ಬೀಸುವರು. ಕಿಟಕಿಯೊಳಗಿಂದ ಚಾಚಿ ಕೈ ಎತ್ತುವರು. ಎಲ್ಲ ಕ್ಷೇಮ ಎಂದು ಅರ್ಥ.

ನಾನು ಒಳಗೆ ಹೋಗಿ, ಈಗ ಹೇಗನಿಸುತ್ತದೆ ಎಂದು ಚಾಚಿಯನ್ನು ವಿಚಾರಿಸಿದೆ.

"ಭಾಳ ಆರಾಮ ಆಗೈತಿ ಬೇಟಾ," ಎಂದರು. "ಫ್ಯಾನ್ ಒಳಗ, ಅವರು ಹೊರಗ. ಎರಡೂ ಕಡಿಂದ ಗಾಳಿ ಬರಾಕ ಹತ್ತೈತಿ."

ಹೇಳಿ ತಾವೇ ನಕ್ಕರು, ನಕ್ಕು ಕೆಮ್ಮು ಬಂತು. ಕಿಟಕಿಯಿಂದ ಕೆಮ್ಮು ಕಂಡ ಚಾಚಾ ಮಷಿನ್ ಆರಿಸಿ, ಕೆಂಪು ಬಾವುಟ ಹಿಡಿದುಕೊಂಡೇ ಒಳಗೆ ಓಡಿ ಬಂದರು. ಮುಖ ಬಿಳಿಚಿಹೋಗಿತ್ತು. ಚಾಚಿ ಉಸಿರು ಸುಧಾರಿಸಿಕೊಂಡು ದಖ್ಖನಿ ಉರ್ದುವಿನಲ್ಲಿ ಗದರಿದರು. ಅದರ ಸಾರಾಂಶ ಇಷ್ಟು: ದಮ್ಮಿನಿಂದ ಸಾಯುವುದಿಲ್ಲ, ನಗಲು ಬಿಡಿ, ಮೊದಲು ಹೋಗಿ ಫ್ಯಾನ್ ಹಚ್ಚಿ. ಚಾಚಾ ಹಸಿರು ಬಾವುಟ ಎತ್ತಿಕೊಂಡು ಹೊರಟರು.

ಕಣ್ಣಿನ ಕ್ಯಾಂಪು

ಸದಾಶಿವನಗರದಲ್ಲಿದ್ದ ಕಣ್ಣಿನ ಡಾಕ್ಟರೊಬ್ಬರು ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಪುಕ್ಕಟೆ ಕ್ಯಾಂಪು ನಡೆಸುತ್ತಿದ್ದರು. ಶಾಲೆಯ ಒಂದು ಕೋಣೆ ತೊಳೆದು, ಅಲ್ಲೇ ಮೋತಿಬಿಂದು, ಅಂದರೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್. ಕರೆಂಟನ್ನು ನಂಬಿ ಯಾರ ಕಣ್ಣಿಗೂ ಕೈ ಹಚ್ಚುವಂತಿರಲಿಲ್ಲ. ಅದಕ್ಕೇ ಮಷಿನ್ ಆರಿಸಲು ಬಂದರು.

ಅವರಿಗೆ ಬೇಕಾದದ್ದು ಒಂದೇ. "ಸಪ್ಪಳ ಕಡಿಮೆ ಇರೋದು ತೋರಸ್ರಿ. ಪೇಷಂಟ್ ಎಚ್ಚರ ಇರತಾರ. ಸಪ್ಪಳಕ್ಕ ಅಂಜಿ ತಲಿ ಅಳ್ಳಾಡಿಸಿದ್ರ ಕಣ್ಣ ಹೋತು." ಒಂದೊಂದೇ ಮಷಿನ್ ಹಚ್ಚಿಸಿ, ಕಣ್ಣು ಮುಚ್ಚಿ ಕೇಳಿದರು. ಪೆಟ್ರೋಲಿನ ಒಂದು ಸಣ್ಣ ಮಷಿನ್ ಅವರಿಗೆ ಒಪ್ಪಿತು. ಎದುರಿಗೆ ನಿಂತು ಮೆಲ್ಲಗೆ ಮಾತಾಡಿದರೂ ಕೇಳುತ್ತಿತ್ತು. ಸಾವಕಾರರು ಮಾತ್ರ, ಕಣ್ಣಿನ ವಿಷಯ, ಒಂದನ್ನೇ ನಂಬಬೇಡಿ ಎಂದು ಚಿಮಣಿ ಎಣ್ಣೆಯ ದೊಡ್ಡದನ್ನೂ ನನ್ನ ಜೊತೆ ಕಳಿಸಿದರು. ಅದರ ಸಪ್ಪಳ ಹಿಟ್ಟಿನ ಗಿರಣಿಯದು.

ಚಳಿಗಾಲದ ಬೆಳಗು. ಮೊದಲ ಪಾಳಿ ಒಬ್ಬ ಮುದುಕಿಯದು, ಊರಿಗೆಲ್ಲ ಆಜಿ. ಮರಾಠಿ, ಕನ್ನಡ ಎರಡನ್ನೂ ಕಲಸಿ ಮಾತಾಡುವವರು. ಎರಡೂ ಕಣ್ಣು ಮಂಜಾಗಿ, ಮೊಮ್ಮಗಳ ಕೈ ಹಿಡಿದುಕೊಂಡು ಬಂದಿದ್ದರು. ಊರವರು ಯಾರೂ ಮೊದಲು ಮಲಗಲು ಒಪ್ಪದಾಗ, ನನಗೆ ಇನ್ನೇನು ಕೆಡುವುದಿದೆ ಎಂದು ಇವರೇ ಮುಂದಾಗಿದ್ದರು.

ಆಪರೇಷನ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ನಾನು ಸಣ್ಣ ಮಷಿನ್ನಿನ ಹಗ್ಗ ಜಗ್ಗಿದೆ. ಥಂಡಿಗೆ ಹಿಡಿದುಕೊಂಡಿತ್ತು, ಹತ್ತಲಿಲ್ಲ. ಮತ್ತೆ ಜಗ್ಗಿದೆ, ಹತ್ತಲಿಲ್ಲ. ಒಳಗೆ ನರ್ಸ್ ಬ್ಯಾಟರಿ ಹಿಡಿದು ನಿಂತಿದ್ದರು. ಡಾಕ್ಟರ ಕೈ ಆಜಿಯ ಕಣ್ಣಿನ ಮೇಲೆ ಹಾಗೇ ನಿಂತಿತ್ತು. "ತಡೀರಿ ಆಜಿ, ಅಳ್ಳಾಡಬ್ಯಾಡ್ರಿ," ಎನ್ನುವ ಅವರ ದನಿ ನನಗೆ ಕಿಟಕಿಯಿಂದ ಕೇಳುತ್ತಿತ್ತು. ನಾನು ಗೋಡೆಯ ಹಿಂದೆ ಓಡಿ, ವಾಯರ್ ಬದಲಿಸಿ, ದೊಡ್ಡ ಮಷಿನ್ ಜಗ್ಗಿದೆ. ಶಾಲೆಯ ಹಂಚು ನಡುಗುವಂತೆ ಹತ್ತಿಕೊಂಡಿತು. ಬೆಳಕು ಬಂತು. ಸ್ವಲ್ಪ ಹೊತ್ತಿಗೆ ಡಾಕ್ಟರು "ಆತು" ಎಂದರು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಪಟ್ಟಿ ಬಿಚ್ಚುವ ದಿನ ನಾನೂ ಇದ್ದೆ. ಡಾಕ್ಟರು ಬೆರಳು ತೋರಿಸುವ ಮೊದಲೇ ಆಜಿ ಮೊಮ್ಮಗಳ ಮುಖ ಹಿಡಿದು, ಇವಳ ಮೂಗು ನನ್ನ ಮಗನ ಮೂಗಿನ ಹಾಗೇ ಇದೆಯಲ್ಲ ಎಂದರು. ಆ ಹುಡುಗಿಯನ್ನು ಅವರು ಕಣ್ತುಂಬ ನೋಡಿದ್ದು ಅದೇ ಮೊದಲು. ನರ್ಸ್ ಅತ್ತ ತಿರುಗಿ ನಿಂತರು. ನಾನೂ ತಿರುಗಿದೆ.

ಮುಂದಿನ ಕ್ಯಾಂಪಿಗೆ ಸುತ್ತಲಿನ ಹಳ್ಳಿಗಳಿಂದ ಜನ ಸಾಲುಗಟ್ಟಿ ಬಂದರು. ಎರಡೂ ಮಷಿನ್ ಒಯ್ದಿದ್ದೆ, ಆದರೆ ಅಂದು ಕರೆಂಟ್ ಚೆನ್ನಾಗಿಯೇ ಇತ್ತು. ಮೊದಲ ಪೇಷಂಟ್ ಒಬ್ಬ ರೈತ. ಮೇಜಿನ ಮೇಲೆ ಮಲಗಿದವನು ಎದ್ದು ಕುಳಿತು, "ಎಂಜಿನ್ ಎಲ್ಲೈತ್ರಿ?" ಎಂದು ಕೇಳಿದ.

ಎಂತಹ ಎಂಜಿನ್ ಎಂದು ಡಾಕ್ಟರಿಗೆ ತಿಳಿಯಲಿಲ್ಲ. ರೈತ ವಿವರಿಸಿದ. ಆಜಿ ಊರೂರಿಗೆ ಹೇಳಿದ್ದರು: "ಡಾಕ್ಟರು ಪಾಪ ಮೊದಲ ಕೈಲೇ ತಗ್ಯಾಕ ನೋಡಿದ್ರು, ಆಗಲಿಲ್ಲ. ತಡೀರಿ ಆಜಿ ಅಂದ್ರು. ಆಮ್ಯಾಲ ಎಂಜಿನ್ ಹಚ್ಚಿದ್ರು ನೋಡ್ರಿ, ಒಂದ ದಮ್ಮಿಗೆ ಪೊರಿ ಎದ್ದ ಬಂತು."

ಡಾಕ್ಟರು ತಾಳ್ಮೆಯಿಂದ ತಿಳಿಸಿ ಹೇಳಿದರು. ಎಂಜಿನ್ ಬೆಳಕಿಗಾಗಿ ಇದ್ದದ್ದು, ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ರೈತ ಎಲ್ಲವನ್ನೂ ಕೇಳಿ, ಬರೇ ಕೈಯಿಂದ ಮಾಡುವುದಾದರೆ ನನಗೆ ಬೇಡ ಎಂದು ಅಂಗಿ ತೊಟ್ಟುಕೊಂಡ. ಹೊರಗೆ ಸಾಲಿನಲ್ಲಿದ್ದವರೂ ಎದ್ದು ನಿಂತರು. ಅವನೊಬ್ಬ ಹೋದರೆ ಅಷ್ಟೂ ಕಣ್ಣು ಕತ್ತಲಲ್ಲೇ ಉಳಿಯುತ್ತವೆ ಎಂದು ಡಾಕ್ಟರಿಗೆ ಗೊತ್ತಾಯಿತು. ನನ್ನ ಕಡೆ ನೋಡಿದರು. ನಾನು ಸಣ್ಣ ಮಷಿನ್ ಹಚ್ಚಿದೆ. ರೈತ ಕಿವಿಗೊಟ್ಟು ಕೇಳಿ, ಇದಲ್ಲ, ಆಜಿಗೆ ಹಚ್ಚಿದ್ದು ಬೇಕು ಎಂದ. ಗೋಡೆಯ ಹಿಂದೆ ಹೋಗಿ ದೊಡ್ಡದನ್ನು ಜಗ್ಗಿದೆ. ಹಂಚು ನಡುಗಿತು. ರೈತ ಅಂಗಿ ಬಿಚ್ಚಿ, ಕಲ್ಲಿನ ಹಾಗೆ ಅಲ್ಲಾಡದೆ ಮಲಗಿದ. ಯಾವ ವಾಯರೂ ಇಲ್ಲದ ಆ ಮಷಿನ್ ಸಾಲು ಮುಗಿಯುವತನಕ ಬಯಲಿನಲ್ಲಿ ಒದರುತ್ತಲೇ ಇತ್ತು. ಒಬ್ಬರೂ ತಲೆ ಅಲ್ಲಾಡಿಸಲಿಲ್ಲ.

ಊರಿಗೆ ಮರಳಿದ ಮೇಲೆ ಡಾಕ್ಟರು ಸಣ್ಣ ಮಷಿನ್ ಹಿಡಿದುಕೊಂಡು ಅಂಗಡಿಗೆ ಬಂದರು. ಸಾವಕಾರರು ಗಾಬರಿಯಾಗಿ, ಮತ್ತೆ ಕೆಟ್ಟಿತೇನು ಎಂದು ಕೇಳಿದರು.

"ಕೆಟ್ಟಿಲ್ರಿ, ಭಾಳ ಚೊಲೋ ನಡೀತೈತಿ," ಎಂದರು ಡಾಕ್ಟರು, ಸ್ವಲ್ಪವೂ ನಗದೆ. "ಆದ್ರ ಇದರಿಂದ ಮೋತಿಬಿಂದು ಎದ್ದ ಬರವಲ್ದು. ಆ ದೊಡ್ಡದನ್ನ ಕೊಡ್ರಿ."