ಅಳಿಯನ ಕಾರಿಗೊಂದು ಊದುಕೊಳವೆ

ನಿನ್ನೆ ಸಂಜೆ ನಾನು ಕಾರಿನಲ್ಲಿ ಕುಳಿತೇ ಮನೆ ಮುಟ್ಟಿದೆ. ಇದೂ ಒಂದು ಸುದ್ದಿಯೇ ಎಂದು ನೀವು ಕೇಳಬಹುದು. ನಮ್ಮ ಓಣಿಯಲ್ಲಿ ಮಾತ್ರ ಕೇಳಬೇಡಿ. ಅಲ್ಲಿ ಮೂರು ಮನೆಯವರು ಗೇಟಿಗೆ ಬಂದು ನಿಂತು ಚಪ್ಪಾಳೆ ತಟ್ಟಿದ್ದಾರೆ, ನಾನೂ ಓಟು ಕೇಳಲು ಬಂದವಳ ಹಾಗೆ ಕಿಟಕಿಯಿಂದ ಕೈ ಬೀಸಿದ್ದೇನೆ!

ಇದಕ್ಕೆಲ್ಲ ಕಾರಣ ನಮ್ಮ ಅಳಿಯ. ಅತ್ತೆಯ ತೂಕ ಎಷ್ಟೆಂದು ಕೇಳಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಅಳಿಯ ಭೂಮಿಯ ಮೇಲೆ ಅವನೊಬ್ಬನೇ ಇರಬೇಕು. ಅಳಿಯ ಎಂದರೂ ನನ್ನ ಅಣ್ಣನ ಮಗನೇ, ಆದ್ದರಿಂದ ‘ಅವನು’ ಎಂದೇ ಬರೆಯುತ್ತೇನೆ. ಬಹುವಚನ ಹಚ್ಚಿದರೆ ಯಾರೋ ನೆಂಟರು ಬಂದರೆಂದು ಅವನೇ ಹಿಂದೆ ತಿರುಗಿ ನೋಡಿಯಾನು.

ನಾವು ಕಾಸರಗೋಡಿನ ಕಡೆಯವರು. ಅವನಿಗೆ ಕಂಪ್ಯೂಟರಿನ ಕೆಲಸ, ಮೊದಲು ಕೊಚ್ಚಿಯಲ್ಲಿ, ಈಗ ತಿರುವನಂತಪುರದಲ್ಲಿ. ಇಲ್ಲಿಯ ಉಳ್ಳೂರಿನ ಮನೆಯಲ್ಲಿ ನಾವು ನಾಲ್ಕು ಜನ: ಅವನು, ನನ್ನ ಮಗಳು, ಕಾಲೇಜಿಗೆ ಹೋಗುವ ಮೊಮ್ಮಗಳು, ಮತ್ತೆ ನಾನು. ಮನೆಯಲ್ಲಿ ಯಾವುದು ಕೆಟ್ಟರೂ ಎಸೆಯುವಂತಿಲ್ಲ, ಅವನೇ ಸರಿಮಾಡಬೇಕು. ಅವನು ಸರಿಮಾಡಿದ ಕಾಲಿಂಗ್ ಬೆಲ್ ಒತ್ತಿದರೆ ಅಡುಗೆಮನೆಯ ಲೈಟು ಹೊತ್ತುತ್ತದೆ. ಇದೆಂತದು ಎಂದು ಕೇಳಿದ್ದಕ್ಕೆ, “ಒಳ್ಳೆಯದೇ ಆಯ್ತಲ್ಲ ಅತ್ತೆ, ಮಧ್ಯಾಹ್ನ ಮಲಗಿದವರಿಗೆ ಎಚ್ಚರ ಆಗುವುದಿಲ್ಲ” ಎಂದ. ಬಾಗಿಲಲ್ಲಿ ನಿಂತವರ ಗತಿ ಏನು ಎಂದು ನಾನು ಕೇಳಲಿಲ್ಲ.

ಕಾರಿನ ವಿಷಯಕ್ಕೆ ಬರುತ್ತೇನೆ. ಅದು ಕೊಚ್ಚಿಯಲ್ಲಿ ಕೊಂಡ ಸಣ್ಣ ಕಾರು. ಕೊಚ್ಚಿ ಅಂಗೈಯ ಹಾಗೆ ಸಪಾಟು. ಅಲ್ಲಿ ಏರು ಎಂದರೆ ವಲ್ಲಾರ್ಪಾಡಂ ಕಡೆಗೆ ಹೋಗುವ ಸೇತುವೆ, ಅಷ್ಟೆ. ಇಲ್ಲಿ ನಮ್ಮ ಮನೆ ಇರುವುದು ಗೋಡೆಗೆ ಏಣಿ ಆನಿಸಿದಂಥ ಓಣಿಯ ತುದಿಯಲ್ಲಿ. ನಡುವೆ ಒಂದು ತಿರುವು ಬೇರೆ, ಕೆಳಗಿನಿಂದ ಓಡಿಸಿಕೊಂಡು ಬಂದು ಹತ್ತಿಸುವ ಹಾಗೂ ಇಲ್ಲ. ನಾಲ್ವರು ಕುಳಿತರೆ ಕಾರು ಆ ತಿರುವಿನಲ್ಲಿ ನಡುಗಿ ನಿಂತುಬಿಡುತ್ತಿತ್ತು. ಮೊದಲ ಸಲ ಮೊಮ್ಮಗಳು ಇಳಿದಳು, ಅಲುಗಲಿಲ್ಲ. ಮಗಳು ಇಳಿದಳು, ಒಮ್ಮೆ ಕೆಮ್ಮಿತು. ನಾನು ಇಳಿದೆ ನೋಡಿ, ಅವರಿಬ್ಬರನ್ನೂ ಮತ್ತೆ ಹತ್ತಿಸಿಕೊಂಡು ಹಕ್ಕಿಯ ಹಾಗೆ ಹಾರಿ ಹೋಯಿತು! ಅಲ್ಲಿಂದ ಅದೇ ಪದ್ಧತಿಯಾಯಿತು. ತಿರುವು ಬಂದಾಗ ಅಳಿಯ ಮೆಲ್ಲನೆ “ಅತ್ತೆ...” ಎನ್ನುವುದು, ನಾನು ಬಾಗಿಲು ತೆಗೆಯುವುದು. ಮತ್ತೆ ನನ್ನ ಮಂಡಿಗಳನ್ನು ಬೈಯುತ್ತಾ, ಸಿಕ್ಕಿದ ಕಾಂಪೌಂಡು ಗೋಡೆಗಳನ್ನೆಲ್ಲ ಹಿಡಿದುಕೊಂಡು ಕಾಲು ಗಂಟೆ ಹತ್ತುವುದು.

“ದೊಡ್ಡ ಕಾರು ತೆಗೊಳ್ಳುವ” ಎಂದಳು ಮಗಳು.

“ಮನೆ ಸಾಲ ಮುಗಿಯಲಿ. ಇದಕ್ಕೆ ಬೇರೆ ರೋಗ ಇಲ್ಲ, ಉಸಿರು ಸಾಲುವುದಿಲ್ಲ ಅಷ್ಟೆ” ಎಂದ ಅವನು. ಕಾರನ್ನು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಸೇರಿಸುತ್ತಾನೋ ಎಂದು ನಾನು ನೋಡುತ್ತಿದ್ದೆ.

ಅದಾದ ಮೇಲೆ ಅವನು ಕೊಚ್ಚಿಗೆ ಹೋಗಿ ರೈಲಿನಲ್ಲಿ ಮರಳಿ ಬಂದ. ಚೀಲದ ಬಾಯಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ. ಮಗಳು ಆಸೆಯಿಂದ ಕೈ ಹಾಕಿದರೆ ಅಡಿಯಲ್ಲಿ ಮೈ ಒರೆಸುವ ಬೈರಾಸಿನಲ್ಲಿ ಸುತ್ತಿದ ಬಸವನಹುಳದಂಥ ಕಬ್ಬಿಣದ ತುಂಡು. ಗುಜರಿಯಿಂದ ಆರಿಸಿ ತಂದ ಟರ್ಬೋಚಾರ್ಜರ್ ಅಂತೆ. “ಮರ್ಲಾ ನಿಮಗೆ, ತಲೆ ಸರಿ ಉಂಟಾ? ಅದು ನನ್ನ ಹೊಸ ಬೈರಾಸು” ಎಂದಳು ಮಗಳು.

ನನಗೆ ಅವನು ತಾಳ್ಮೆಯಿಂದ ವಿವರಿಸಿದ. ಹೊರಗೆ ಹೋಗುವ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದಂತೆ. ಆ ಚಕ್ರ ಎಂಜಿನ್ನಿನ ಬಾಯಿಗೆ ಗಾಳಿ ಒತ್ತಿ ತುಂಬುತ್ತದಂತೆ. ಗಾಳಿ ಹೆಚ್ಚಾದರೆ ಬೆಂಕಿ ಜೋರು, ಬೆಂಕಿ ಜೋರಾದರೆ ಶಕ್ತಿ ಜಾಸ್ತಿ.

“ಒಲೆಗೆ ಊದುಕೊಳವೆ ಇಟ್ಟ ಹಾಗೆ” ಎಂದೆ.

ಅವನು ಕೈಯಲ್ಲಿದ್ದ ಬಸವನಹುಳವನ್ನು ಕೆಳಗಿಟ್ಟು, “ನಾನು ಇದನ್ನು ತಿಳ್ಕೊಳ್ಳಲಿಕ್ಕೆ ಎರಡು ತಿಂಗಳು ವಿಡಿಯೊ ನೋಡಿದ್ದೇನೆ ಅತ್ತೆ” ಎಂದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒಲೆಯ ಮುಂದೆ ಕುಳಿತದ್ದು ಮಾತ್ರ ಐವತ್ತು ವರ್ಷ.

ಕಾರಿನಲ್ಲಿ ಬದಲಾವಣೆ ಮಾಡಲು ಸರಕಾರದ ಅನುಮತಿ ಬೇಕು. ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಅವನು ‘ಅಮ್ಮಾಯಿಯಮ್ಮ’ ಎಂದು ಬರೆದ. ಮಲಯಾಳದಲ್ಲಿ ಹಾಗೆಂದರೆ ಅತ್ತೆ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ‘ಅತ್ತೆ ಬಂದರೆಂದು ಮನೆ ಬಿಟ್ಟು ಓಡುವವರನ್ನು ಕಂಡಿದ್ದೇನೆ, ಅತ್ತೆಯನ್ನು ಮನೆಗೆ ಹತ್ತಿಸಲು ಯಂತ್ರ ಕೇಳಿದವರು ನೀವೇ ಮೊದಲು’ ಎಂದರಂತೆ. ಎಷ್ಟೋ ಸಲ ಅಲೆದಾಡಿಸಿದ ಮೇಲೆ ಅನುಮತಿಯೂ ಬಂತು.

ಜಂಕ್ಷನ್ನಿನ ಹತ್ತಿರದ ಮುದಿ ಮೆಕ್ಯಾನಿಕ್‌ನನ್ನು ಎಲ್ಲರೂ ಆಶಾನ್ ಎಂದು ಕರೆಯುತ್ತಾರೆ, ಗುರು ಎಂಬ ಅರ್ಥದಲ್ಲಿ. ಆಶಾನ್ ಆ ಬಸವನಹುಳವನ್ನೂ ಕಾರನ್ನೂ ನೋಡಿ, “ಪಾವಂ ವಂಡಿಯಾ, ಸಾರೇ” ಎಂದ. ಪಾಪದ ಗಾಡಿ, ಬಿಟ್ಟುಬಿಡಿ ಎಂಬ ಹಾಗೆ. ಹೆಚ್ಚು ಊದಿದರೆ ಎಂಜಿನ್ ಒಡೆಯುತ್ತದೆ, ಕಡಿಮೆಯಾದರೆ ಏರು ಹತ್ತುವುದಿಲ್ಲ, ಲೆಕ್ಕ ಸರಿಯಾಗಿ ಕೊಡಿ ಎಂದ. ಲೆಕ್ಕ ಎಂದರೆ ನಮ್ಮ ಅಳಿಯನಿಗೆ ಪಾಯಸ. ಆವತ್ತೇ ನೋಟ್‌ಬುಕ್ ಹಿಡಿದುಕೊಂಡು ಬಂದ.

“ಅತ್ತೆ, ನಿಮ್ಮ ತೂಕ ಎಷ್ಟುಂಟು?”

ಇಂಥ ಪ್ರಶ್ನೆಗೆ ಯಾವ ಹೆಂಗಸು ಸರಿಯಾದ ಉತ್ತರ ಕೊಟ್ಟಾಳು? “ಐವತ್ತೆರಡು ಬರಕೋ” ಎಂದೆ. ಅವನು ಬರೆದುಕೊಂಡ. ನಾನು ಇಳಿದಾಗಲೆಲ್ಲ ಕಾರು ಹಾರುವುದನ್ನು ಕಣ್ಣಾರೆ ಕಂಡವನು, ಆದರೂ ಬರೆದುಕೊಂಡ! ಕಂಡದ್ದನ್ನು ಅವನು ನಂಬುವುದಿಲ್ಲ, ಬರೆದದ್ದನ್ನು ನಂಬುತ್ತಾನೆ.

ಆಶಾನ್ ಆ ಲೆಕ್ಕಕ್ಕೆ ಸರಿಯಾಗಿ ಯಂತ್ರ ಕೂರಿಸಿದ. ಮೊದಲ ಪರೀಕ್ಷೆ ನಾವಿಲ್ಲದೆಯೇ ಆಯಿತು. ನಮ್ಮ ನಮ್ಮ ತೂಕಕ್ಕೆ ಸರಿಯಾಗಿ ಅಕ್ಕಿ, ಮರಳು ತುಂಬಿದ ಮೂಟೆಗಳನ್ನು ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ ಅವನು ಓಡಿಸಿದ. ಏದುಸಿರು ಬಿಡುತ್ತಾ ಆದರೂ ಕಾರು ಹತ್ತಿತು. ಮರುದಿನ ನಾವು ಕುಳಿತೆವು, ತಿರುವಿನಲ್ಲಿ ನಿಂತಿತು. ಮೂಟೆ ಹತ್ತುತ್ತದೆ, ಮನುಷ್ಯರು ಹತ್ತುವುದಿಲ್ಲ, ಇದೆಂಥ ವಿಚಿತ್ರ?

ಅವನು ಯೋಚಿಸಿ ಕಾರಣ ಕಂಡುಹಿಡಿದ. ಮೂಟೆಗಳು ಅಲುಗುವುದಿಲ್ಲ, ನಾವು ಅಲುಗುತ್ತೇವೆ. ಮುಂದಿನ ಸಲ ನಾವು ಮದುವೆ ಫೋಟೊಕ್ಕೆ ಕುಳಿತಂತೆ ಉಸಿರು ಬಿಗಿಹಿಡಿದು ಕುಳಿತೆವು. ತಿರುವಿನಲ್ಲಿ ಮೊಮ್ಮಗಳಿಗೆ ನಗು ಬಂತು, ಕಾರೂ ನಿಂತಿತು. “ನೀನು ನಕ್ಕದ್ದಕ್ಕೇ” ಎಂದ ಅಪ್ಪ. “ಅಯ್ಯೋ ಅಚ್ಛಾ, ಎನಿಕ್ಕು ವಯ್ಯ”, ನನ್ನಿಂದಾಗದು ಅಪ್ಪಾ, ಎಂದು ಅವಳು ಹೊಟ್ಟೆ ಹಿಡಿದುಕೊಂಡಳು. ಕನ್ನಡದಲ್ಲಿ ಹೇಳಿದ್ದು ಅವಳಿಗೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ನಾನು ಅಭ್ಯಾಸದಂತೆ ಬಾಗಿಲು ತೆಗೆದೆ.

ನಿನ್ನೆ ಬೆಳಿಗ್ಗೆ ಅವನು ಚಹಾ ಕುಡಿಯದೆ ಜಗಲಿಯಲ್ಲಿ ಕುಳಿತಿದ್ದ. “ಬಿಚ್ಚಿ ಹಾಕ್ಲಿಕ್ಕೆ ಆಶಾನ್‌ಗೆ ಹೇಳ್ತೇನೆ ಅತ್ತೆ. ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಗೊತ್ತಾಗುವುದಿಲ್ಲ” ಎಂದ. ಕೆಟ್ಟ ಮಿಕ್ಸಿಯನ್ನೂ ಎಸೆಯದವನ ಬಾಯಲ್ಲಿ ಆ ಮಾತು. ನಾನು ಚಹಾದ ಲೋಟವನ್ನು ಅವನ ಪಕ್ಕದಲ್ಲಿಟ್ಟೆ.

“ಐವತ್ತೆರಡಲ್ಲ” ಎಂದೆ.

“ಎಂತ?”

“ನನ್ನ ತೂಕ. ಅದು ನನ್ನ ಬಾಣಂತನಕ್ಕಿಂತ ಮೊದಲಿನದ್ದು.”

ಒಳಗಿನಿಂದ ಮಗಳ ದನಿ ಬಂತು: “ನಂದೂ ಸ್ವಲ್ಪ ಆಚೀಚೆ ಉಂಟು.”

“ಎಂಡೇಂ” ಎಂದಳು ಮೊಮ್ಮಗಳು. ತನ್ನದೂ ಎಂದು ಅರ್ಥ.

ಓಣಿಯ ಬುಡದಲ್ಲಿ ಒಂದು ಅಂಗಡಿ ಇದೆ. ಅಲ್ಲಿ ಅಕ್ಕಿ ಮೂಟೆ ತೂಗುವ ಯಂತ್ರದ ಮೇಲೆ ಅವನು ನಮ್ಮನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿದ. ಅಂಗಡಿಯವನು ಸುಮ್ಮನೆ ನೋಡಿ ಹೇಳಬಹುದಿತ್ತಲ್ಲ? ರಸ್ತೆಗೆಲ್ಲ ಕೇಳುವಂತೆ ಕೂಗಿದ: “ಅಮ್ಮೇ, ಅರುಪತ್ತಿಯೇಳ್.” ಅರವತ್ತೇಳು! ನನ್ನದು ಹದಿನೈದು ಕಿಲೋ ಸುಳ್ಳು, ಮಗಳದು ಎಂಟು, ಮೊಮ್ಮಗಳದು ಎಂಟು. ಅಳಿಯ ಪೋಲೀಸನ ಹಾಗೆ ಬರೆದುಕೊಳ್ಳುತ್ತಿದ್ದ.

“ಈಗ ನೀವು ಹತ್ತಿ” ಎಂದಳು ಮಗಳು.

“ನಂದು ಗೊತ್ತುಂಟು, ಅರವತ್ತೆರಡು.”

“ಹತ್ತಿ, ನೋಡುವ.”

ಎಂಬತ್ತೊಂದು. ಅವನು ಬರೆದಿದ್ದದ್ದು ಮದುವೆಯ ಸಮಯದ ತೂಕ. ಎಲ್ಲರ ಸುಳ್ಳೂ ಕೂಡಿಸಿದರೆ ಐವತ್ತು ಕಿಲೋ. ಇಷ್ಟು ದಿನ ನಮ್ಮ ಜೊತೆ ಕಾರಿನಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಅಕ್ಕಿ ಮೂಟೆ ಪ್ರಯಾಣ ಮಾಡುತ್ತಿತ್ತು!

ಹೊಸ ಲೆಕ್ಕ ನೋಡಿ ಆಶಾನ್ ಬಹಳ ಹೊತ್ತು ನಕ್ಕ. ಎಂಜಿನ್ ಇನ್ನೊಂದು ಚೂರು ತಾಳುತ್ತದೆ ಎಂದು ಒಂದು ತಿರುಪನ್ನು ನೂಲಿನಷ್ಟು ತಿರುಗಿಸಿದ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಾವು ನಾಲ್ವರು ಹತ್ತಿ ಕುಳಿತೆವು. ತಿರುವು ಬಂತು, ಕಾರು ನಡುಗಿತು. ನನ್ನ ಕೈ ತಾನಾಗಿ ಬಾಗಿಲಿನ ಹಿಡಿಗೆ ಹೋಗಿತ್ತು.

“ಅತ್ತೆ” ಎಂದ. ನಾನು ಹಿಡಿ ಎಳೆಯುವವಳಿದ್ದೆ. “ಕೈ ತೆಗೀರಿ.”

ಮುಂದೆಲ್ಲೋ ಸುಂಯ್ ಎಂದು ಒಂದು ಸಿಳ್ಳು ಎದ್ದಿತು. ಬೆನ್ನಿಗೆ ಯಾರೋ ಕೈಕೊಟ್ಟು ತಳ್ಳಿದ ಹಾಗಾಯಿತು. ತಿರುವು ಹಿಂದಕ್ಕೆ ಹೋಯಿತು, ನಾನು ಹಿಡಿದು ಹತ್ತುತ್ತಿದ್ದ ಗೋಡೆಗಳು ಒಂದೊಂದಾಗಿ ಹಿಂದಕ್ಕೆ ಹೋದವು, ನಮ್ಮ ಗೇಟು ಬಂತು. ಮಗಳು ಗಂಡನ ತಲೆಗೆ ಒಂದು ಮೊಟಕಿದಳು. ಅದು ಮೆಚ್ಚುಗೆ.

ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತೆವು. ನಾನು ಮಾಡಿದ ಬಸಳೆ ಸಾರು, ಕುಚ್ಚಲಕ್ಕಿ ಅನ್ನ, ಮೊಮ್ಮಗಳು ತರಿಸಿದ ಪೊರೋಟ. ಅಳಿಯ ಪೊರೋಟ ಹರಿಯುತ್ತಾ, ತಲೆ ಎತ್ತದೆ ಕೇಳಿದ:

“ಅತ್ತೆ, ಬರುವ ಆದಿತ್ಯವಾರವೂ ನಿಮಗೆ ಹೊಟ್ಟೆನೋವು ಬರ್ತದಾ?”

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. ಎಷ್ಟೋ ತಿಂಗಳಿಂದ ಅವರು ಹೊರಗೆ ಹೊರಟಾಗಲೆಲ್ಲ ನಾನು ಹೊಟ್ಟೆನೋವು ಎನ್ನುತ್ತಿದ್ದೆ. ಮುದುಕಿಯನ್ನು ಹತ್ತಿಸಿ ಇಳಿಸುವ ಗೋಳು ಅವರಿಗೆ ಬೇಡ ಎಂದು ನಾನೇ ಹೂಡಿದ ಆಟ. ಮಗಳು ನಂಬಿ ಓಮದ ನೀರು ಕುದಿಸಿಕೊಟ್ಟು ಹೋಗುತ್ತಿದ್ದಳು. ಇವನು ಒಂದು ಮಾತೂ ಆಡಿದವನಲ್ಲ.

“ನಿನಗೆ ಯಾವಾಗ ಗೊತ್ತಾಯಿತು?” ಎಂದೆ.

“ವಿಳಿಂಜಂ ಬಂದರಿಗೆ ಹೋದ ದಿನ. ದೊಡ್ಡ ಹಡಗು ನೋಡ್ಬೇಕು ಅಂತ ವಾರವಿಡೀ ಹೇಳಿದ್ದು ನೀವು. ಹೊರಡುವಾಗ ಬರುವುದಿಲ್ಲ ಅಂದ್ರಿ. ಮರುದಿನವೇ ನಾನು ಕೊಚ್ಚಿಗೆ ಹೋದದ್ದು.”

ಮಗಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿಕೊಂಡು, “ಆದಿತ್ಯವಾರ ಎಷ್ಟು ಗಂಟೆಗೆ ಹೊರಡುವುದು?” ಎಂದೆ.

“ನೀವು ಹೇಳಿದ ಗಂಟೆಗೆ. ಈಗ ಉಣ್ಣಿ, ತಣಿದು ಹೋಗ್ತದೆ” ಎಂದು ಅವನು ಸಾರಿನ ಪಾತ್ರೆಯನ್ನು ನನ್ನ ಕಡೆಗೆ ಸರಿಸಿದ. ಮೊಮ್ಮಗಳು ತನ್ನ ಪೊರೋಟದಲ್ಲಿ ಅರ್ಧ ಹರಿದು ನನ್ನ ತಟ್ಟೆಗೆ ಹಾಕಿದಳು. ನಾವು ನಾಲ್ವರೂ ಉಂಡೆವು.