ಬೀಗರಿಗೆ ಬಡಿಸಬೇಕಿದ್ದ ಅವರೆ

ಅವರೆ ಬೆಳೆಯುವುದು ದೊಡ್ಡ ವಿದ್ಯೆಯೇನಲ್ಲ ಎಂದು ಆ ವರ್ಷ ನಾನು ನಂಬಿದ್ದೆ. ಯಲಹಂಕದ ನಮ್ಮ ಹೊಲದಲ್ಲಿ ರಾಗಿಯ ನಡುವಿನ ಅಕ್ಕಡಿ ಸಾಲುಗಳಿಗೆ ಅವರೆ ಬಿತ್ತುವುದು ಅಜ್ಜನ ಕಾಲದ ವಾಡಿಕೆ. ಉಳಿದದ್ದು ಮಳೆರಾಯನ ಪಾಲು. ಆದರೆ ಅದೇ ಬೇಸಿಗೆಯಲ್ಲಿ ಮಗಳನ್ನು ಚಿಕ್ಕಬಾಣಾವರಕ್ಕೆ ಕೊಟ್ಟಿದ್ದೆವು. ಮದುವೆ ಊಟದ ಪಂಕ್ತಿಯಲ್ಲಿ ನಾನು ಸುಮ್ಮನಿರದೆ, "ಬೀಗ್ರೇ, ಸಂಕ್ರಾಂತಿಗೆ ಬನ್ನಿ. ನಮ್ಮೊಲದ ಅವರೇಲೇ ಇತ್ಕಿದ್ ಬೇಳೆ ಸಾರು ಉಣ್ಣಿಸ್ತೀನಿ. ಅಂಥ ಅವರೆ ನೀವು ಕಂಡಿರಬಾರ್ದು!" ಎಂದುಬಿಟ್ಟೆ.

ಬೀಗರೂ ಅವರೆ ಬೆಳೆಯುವವರೇ. ಮೀಸೆ ಸವರಿಕೊಂಡು, "ನೋಡಾಣ" ಎಂದರು. ಅಂದಿನಿಂದ ನನ್ನ ಮಾನವೆಲ್ಲ ಆ ಸಾಲುಗಳಲ್ಲಿತ್ತು.

ಬಿತ್ತನೆಗೆ ಮುಂಚೆ ಬೇಸಾಯ ಇಲಾಖೆಯವರೊಬ್ಬರು ಕಪ್ಪು ಪುಡಿಯ ಪೊಟ್ಟಣ ಕೊಟ್ಟರು. "ಇದರಲ್ಲಿ ಜೀವಾಣುಗಳಿವೆ. ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ. ಗಾಳಿಯಿಂದಲೇ ಸಾರಜನಕ ಹಿಡಿದು ಬೇರಿಗೆ ಕೊಡ್ತವೆ. ಸಾಲಿಗೆ ಒಂದಿಷ್ಟು ಸೂಪರ್ ಫಾಸ್ಫೇಟ್ ಹಾಕಿ, ಸಾಕು. ಬೇರೆ ಸೀಮೆಗೊಬ್ಬರ ಸುರೀಬೇಡಿ" ಎಂದರು.

ಕೂಲಿಯಿಲ್ಲದೆ ದುಡಿಯುವ ಲಕ್ಷಾಂತರ ಆಳುಗಳು! ಅವರಿಗೆ ಬರೀ ಬೆಲ್ಲದ ನೀರು ಕೊಡುವುದು ನಮ್ಮ ಮನೆತನಕ್ಕೆ ಶೋಭೆಯೇ? ಒಲೆ ಹೊತ್ತಿಸಿ, ಅಚ್ಚುಬೆಲ್ಲ ಹಾಕಿ, ಎಳೆಪಾಕ ಬರಿಸಿ, ಕೊತಕೊತ ಕುದಿಯುವಾಗ ಪೊಟ್ಟಣ ಸುರಿದೆ.

ಹೆಂಡತಿ ಬಂದು ಇಣುಕಿದಳು. "ಏನ್ರೀ ಅದು?"

"ಜೀವ ಇರೋ ಗೊಬ್ಬರ ಕಣೇ."

"ಅಯ್ಯೋ! ಜೀವ ಇರೋದನ್ನ ಬೇಯಿಸಿಬಿಟ್ರಾ?"

ಸೌಟು ಕೈಯಿಂದ ಜಾರಿತು. ಇರುವೆಯನ್ನೂ ತುಳಿಯದ ನಾನು ಒಂದೇ ಪಾತ್ರೆಯಲ್ಲಿ ಲಕ್ಷಾಂತರ ಜೀವ ತೆಗೆದಿದ್ದೆ!

ಇನ್ನೊಂದು ಪೊಟ್ಟಣ ಕೇಳಲು ಮುಖವಿರಲಿಲ್ಲ. ಬೀಜವನ್ನು ಹಾಗೆಯೇ ಬಿತ್ತಿದೆ. ಆಮೇಲೆ ಧರ್ಮಸೂಕ್ಷ್ಮವೊಂದು ಹೊಳೆಯಿತು. ಸತ್ತವರ ಕೆಲಸವನ್ನು ಕೊಂದವನೇ ಮಾಡಬೇಕಲ್ಲವೇ? ಸಾರಜನಕ ತಾನೇ? ಉಪ್ಪಿನಂತಿದ್ದ ಅಮೋನಿಯಂ ಸಲ್ಫೇಟ್ ಮೂಟೆ ತಂದು, ಮಳೆ ಬಿದ್ದಾಗಲೆಲ್ಲ ಬೊಗಸೆ ಬೊಗಸೆ ಎರಚಿದೆ. ಬಳ್ಳಿ ರಾಗಿಯನ್ನು ಮುಚ್ಚಿತು, ಬೇಲಿ ಹತ್ತಿತು. ದಾರಿಹೋಕರು ನಿಂತು ನೋಡಿದರು. ನಾನೂ ಮೀಸೆ ಸವರಿಕೊಂಡೆ.

"ಹೂವೇ ಕಾಣಿಸ್ತಿಲ್ವಲ್ರೀ?" ಎಂದಳು ಹೆಂಡತಿ.

"ಒಳಗಡೆ ಇರ್ತವೆ, ಸುಮ್ನಿರು."

ಹಬ್ಬದ ಹಿಂದಿನ ದಿನ ಬುಟ್ಟಿ ಹಿಡಿದು ಹೊಲಕ್ಕಿಳಿದೆವು. ಎಲೆ ಸರಿಸಿದೆ. ಎಲೆ. ಮತ್ತೆ ಸರಿಸಿದೆ. ಮತ್ತೆ ಎಲೆ! ಹೊಲವೆಲ್ಲ ತಡಕಿದರೂ ಬುಟ್ಟಿಯ ತಳ ಮುಚ್ಚಲಿಲ್ಲ.

"ಬೀಗ್ರಿಗೆ ಸೊಪ್ಪಿನ ಸಾರು ಮಾಡ್ಲಾ?" ಎಂದು ಹೆಂಡತಿ ಕೇಳಿದಳು.

ಸಂಜೆ ಬೀಗರ ಎತ್ತಿನ ಗಾಡಿ ಬಂತು. "ಬರೀ ಕೈಲಿ ಬರೋಕಾಯ್ತದಾ?" ಎನ್ನುತ್ತ ಬೀಗರು ತಮ್ಮ ಹೊಲದ ಅವರೆಕಾಯಿ ಮೂಟೆ ಇಳಿಸಿದರು. ಹೆಂಡತಿ ಅದನ್ನು ಒಳಗೆ ಎಳೆದುಕೊಂಡಳು. ಮರುದಿನ ಮನೆಯೆಲ್ಲ ಅದೇ ಅವರೆಯ ಸಾರಿನ ಘಮ.

"ಏನ್ ಅವರೆ ಬೀಗ್ರೇ! ಒಪ್ಕೊಂಡೆ. ನಡೀರಿ, ಒಲ ನೋಡ್ಕೊಂಡ್ ಬರಾಣ" ಎಂದು ಬೀಗರು ಕೈ ತೊಳೆದರು. ನಾನು ಇನ್ನೊಂದು ಸಲ ಸಾರು ಬಡಿಸಿಕೊಂಡೆ; ಅವರು ಬಿಡಲಿಲ್ಲ!

ಹೊಲದಲ್ಲಿ ಅವರು ಎಲೆ ಸರಿಸಿದರು. ಮತ್ತೆ ಸರಿಸಿದರು. ನನ್ನ ಮುಖ ನೋಡಿದರು. "ಗೊಬ್ಬರ ಜಾಸ್ತಿಯಾಗಿ ಬರೀ ಎಲೆಗೇ ಓಗೈತೆ" ಎಂದು ಹಿಂದಿರುಗಿ, ಗಾಡಿಯ ಎತ್ತುಗಳನ್ನು ಹೊಡೆದುಕೊಂಡು ಬಂದು ಬಳ್ಳಿಗೆ ಬಿಟ್ಟರು.

ಬೀಗರಿಗೆ ನಮ್ಮ ಹೊಲದ ಅವರೆಯಿಂದಲೇ ಔತಣ ಎಂದಿದ್ದೆ. ಮಾತು ತಪ್ಪಲಿಲ್ಲ. ಉಂಡದ್ದು ಅವರ ಎತ್ತುಗಳು!