ನಾಲ್ಕು ಗಂಟೆಯ ಶಂಖ

ಹೆಬ್ಬೆರಳ ಉಗುರಿನಷ್ಟಗಲದ ಒಂದು ಕಪ್ಪು ಗುಂಡಿ. ಎಡಕ್ಕೆ ತಿರುಗಿಸಿದರೆ ಸೊನ್ನೆ, ಬಲಕ್ಕೆ ತಿರುಗಿಸಿದರೆ ಹತ್ತು. ಆ ಶುಕ್ರವಾರ ಬೆಳಿಗ್ಗೆ ಪಿಲಿಪೋನ ಮಾನ ಸೊನ್ನೆಗೂ ಹತ್ತಕ್ಕೂ ನಡುವೆ ಎಲ್ಲೋ ಇತ್ತು.

ಸಮೋವಾದಲ್ಲಿ ಬಸ್ಸಿನ ಗಾಲಿ ಪಂಕ್ಚರಾದರೆ ಜನ ಇಳಿದು ನೆರಳಲ್ಲಿ ಕೂತು ಕ್ಷಮಿಸುತ್ತಾರೆ. ಬಸ್ಸಿನ ಹಾಡು ಚೆನ್ನಾಗಿಲ್ಲದಿದ್ದರೆ ಹತ್ತುವುದೇ ಇಲ್ಲ. ಪಿಲಿಪೋನ ಹಳೆಯ ಸ್ಪೀಕರುಗಳಿಗೆ ನೆಗಡಿ ಹಿಡಿದು ಮೂರು ತಿಂಗಳಾಗಿತ್ತು. ಅವನು ಬಸ್ಸು ತಂದು ನಿಲ್ಲಿಸಿದರೆ ಟ್ಯಾರೋ ಗೆಡ್ಡೆಯ ಬುಟ್ಟಿ ಹೊತ್ತ ಹೆಂಗಸರು ಮೋಡ ನೋಡತೊಡಗುತ್ತಿದ್ದರು. ಹಿಂದೆಯೇ ಬರುವ ತಾನಿಯೆಲುವಿನ ಬಸ್ಸು ಅರ್ಧ ಮೈಲಿ ದೂರದಲ್ಲಿ ಗುಡುಗಿದ್ದೇ ತಡ, ಅದೇ ಹೆಂಗಸರು ನಗುತ್ತ ರಸ್ತೆಗಿಳಿಯುತ್ತಿದ್ದರು.

ಇಂಥ ಹೊತ್ತಿನಲ್ಲಿ ಒಂದು ಅವಕಾಶ ಬಂತು. ಶನಿವಾರ ಸಂಜೆ ರಾಜಧಾನಿ ಆಪಿಯಾದಲ್ಲಿ ಎಲ್ಲ ಊರುಗಳ ಚರ್ಚುಗಳ ಹಾಡಿನ ಸ್ಪರ್ಧೆ. ಬಿಳಿ ಬಟ್ಟೆ ತೊಟ್ಟ ನಲವತ್ತು ಜನ ಹಾಡುಗಾರರು ಯಾರ ಬಸ್ಸಿನಿಂದ ಇಳಿಯುತ್ತಾರೋ ಅದೇ ಇನ್ನು ಮುಂದೆ ಊರಿನ ಬಸ್ಸು. ಮಹಿಳಾ ಸಂಘದ ಅಧ್ಯಕ್ಷೆ ಲುಸಿಯಾ ದೊಡ್ಡಮ್ಮ ಶುಕ್ರವಾರ ಐದು ಗಂಟೆಗೆ ಎರಡೂ ಬಸ್ಸಿನ ಹಾಡು ಕೇಳಿ ತೀರ್ಮಾನ ಹೇಳುವುದೆಂದು ಗೊತ್ತಾಯಿತು. ಆಕೆ ಒಮ್ಮೆ ಹೇಳಿದ ತೀರ್ಮಾನವನ್ನು ಪಾದ್ರಿಗಳೂ ಬದಲಾಯಿಸುತ್ತಿರಲಿಲ್ಲ.

ಆಕ್ಲೆಂಡಿನಲ್ಲಿರುವ ಭಾವಮೈದುನ ಹೊಸ ಆಂಪ್ಲಿಫೈಯರ್ ಕಳಿಸಿದ್ದ. ದನದ ಮಾಂಸದ ಡಬ್ಬಿಗಳ ನಡುವೆ ಬೆಚ್ಚಗೆ ಮಲಗಿ ಬಂದಿದ್ದ ಅದರ ಜೊತೆ ಅವನ ಕೈಬರಹದ ಒಂದು ಹಾಳೆಯೂ ಇತ್ತು. ಮೊದಲ ಸಾಲಿನ ಕೆಳಗೆ ಎರಡು ಗೆರೆ: ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಪೀಕರಿನ ತಂತಿ ಬಿಚ್ಚಿ, ಆ ಜಾಗಕ್ಕೆ ಮೀಟರ್ ಹಿಡಿದು, ಮುಳ್ಳು ಮೂವತ್ತೆರಡು ವೋಲ್ಟ್ ತೋರಿಸುವ ತನಕ ಮಾತ್ರ ಗೇನ್ ಏರಿಸು. ಅದರಾಚೆ ಹೋದರೆ ಸದ್ದು ಹೆಚ್ಚುವುದಿಲ್ಲ, ಒಡೆಯುತ್ತದೆ. ಕೆಳಗೆ ಕ್ರಾಸ್‌ಓವರ್ ವಿಚಾರ. ಹಿಂದಿನ ಸೀಟಿನಡಿಯ ದೊಡ್ಡ ಪೆಟ್ಟಿಗೆಗೆ ದಪ್ಪ ಸ್ವರ ಮಾತ್ರ, ಉಳಿದದ್ದೆಲ್ಲ ಚಾವಣಿಯ ಮೇಲಿನ ತುತ್ತೂರಿಗಳಿಗೆ. ಪೆಟ್ಟಿಗೆಯ ದಾರಿಗೆ ಎಂಬತ್ತು ಹರ್ಟ್ಜಿನಲ್ಲಿ ಬೇಲಿ ಹಾಕು. ಆಮೇಲೆ ಪೆನ್‌ಡ್ರೈವಿನಲ್ಲಿರುವ ಪರೀಕ್ಷೆಯ ಸ್ವರಗಳನ್ನು ಒಂದೊಂದಾಗಿ ನುಡಿಸಿ ನೋಡು.

ಪಿಲಿಪೋ ಇದನ್ನು ಹನ್ನೊಂದು ಸಲ ಓದಿದ. ಬೆಳಿಗ್ಗೆಯೇ ಕೂತು ಗೇನನ್ನು ನಾಲ್ಕರ ಹತ್ತಿರ ತಂದು ನಿಲ್ಲಿಸಿ, ಕೋಕೋ ಕುಡಿಯಲು ಒಳಗೆ ಹೋದ. ಅಷ್ಟು ಹೊತ್ತು ಪಕ್ಕದ ಮನೆಯ ಕಿಸೋನನಿಗೆ ಸಾಕಾಯಿತು.

ಕಿಸೋನ ನ್ಯೂಜಿಲೆಂಡಿನಲ್ಲಿ ಏಳು ವಾರ ಸೇಬು ಕಿತ್ತು ಬಂದಿದ್ದ. ಅಂದಿನಿಂದ ಊರಿನಲ್ಲಿ ತಂತಿ ಇರುವ ವಸ್ತುಗಳೆಲ್ಲ ಅವನ ಸುಪರ್ದಿಗೆ ಸೇರಿದ್ದವು. ಪಿಲಿಪೋ ಮರಳಿ ಬಂದು ಹಾಡು ಹಾಕಿದರೆ ತಗಡಿನ ಡ್ರಮ್ಮಿನಲ್ಲಿ ಹಂದಿ ಸಿಕ್ಕಿಕೊಂಡಂಥ ಸದ್ದು ಬಂತು. ಕಿಟಕಿಯ ಚೌಕಟ್ಟಿನಿಂದ ಮೂರು ಸ್ಕ್ರೂ ಉದುರಿದವು. ಗೇನ್ ಹತ್ತರಲ್ಲಿತ್ತು.

"ಅಣ್ಣ, ಹತ್ತರ ತನಕ ಬರ್ದಿರೋದು ಯಾಕೆ? ನಾಲ್ಕರಲ್ಲಿ ನಿಲ್ಸೋಕಾ?" ಎಂದ ಕಿಸೋನ, ಉಪಕಾರ ಮಾಡಿದವನ ಮುಖದಲ್ಲಿ.

"ಗೇನ್ ಅಂದ್ರೆ ವಾಲ್ಯೂಮ್ ಅಲ್ಲ ಕಣೋ."

"ಮತ್ತೇನು, ಉಪ್ಪಾ?"

ದೀವಿಹಲಸಿನ ಮರದ ಕೆಳಗೆ ಆಗಲೇ ಜನ ಸೇರಿದ್ದರು. ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಒಬ್ಬಳಿಗೆ ಹೆಂಗಸರ ದನಿ ಮುಂದೆ ಬರಬೇಕು, ಇನ್ನೊಬ್ಬನಿಗೆ ಸೊಂಟ ತಾನಾಗಿ ಅಲುಗಬೇಕು. ಸತ್ತವರ ಮನೆಗೆ ಬಂದವರು ಒಂದೊಂದು ಚಾಪೆ ಕೊಟ್ಟು ಹೋಗುವ ಹಾಗೆ ಬಂದವರೆಲ್ಲ ಒಂದೊಂದು ಗುಂಡಿ ತಿರುಗಿಸಿ ಹೋದರು. ಪಿಲಿಪೋ ಗೇನನ್ನು ನಾಲ್ಕಕ್ಕೆ ಇಳಿಸುವುದು, ಬೆನ್ನು ತಿರುಗಿಸಿದ ಕೂಡಲೇ ಕಿಸೋನ ಹತ್ತಕ್ಕೆ ಏರಿಸುವುದು, ಹೀಗೆ ಮಧ್ಯಾಹ್ನವಾಯಿತು. ಕಡೆಗೆ ಪಿಲಿಪೋ ಸೀಟಿನಡಿ ತಲೆ ತೂರಿಸಿ ತಂತಿ ಬಿಗಿಯುತ್ತಿದ್ದಾಗ ಕಿಸೋನನ ಕಣ್ಣು ಕ್ರಾಸ್‌ಓವರಿನ ಮೇಲೆ ಬಿತ್ತು. ಊರಿಗೇ ದೊಡ್ಡದಾದ ಪೆಟ್ಟಿಗೆಗೆ ಇಷ್ಟೇ ಇಷ್ಟು ಕೆಲಸ ಕೊಟ್ಟು ಸೋಮಾರಿ ಮಾಡಿದ್ದಾನಲ್ಲ ಎಂದು ಮರುಗಿ, ಬೇಲಿಯನ್ನು ಎಂಬತ್ತರಿಂದ ಕಿತ್ತು ಇನ್ನೂರೈವತ್ತಕ್ಕೆ ನೆಟ್ಟ. ಗೇನನ್ನೂ ಇನ್ನೊಮ್ಮೆ ಹತ್ತಕ್ಕೆ ಒಯ್ದು, ಮೈದಾನದಲ್ಲಿ ಕ್ರಿಕೆಟ್ ಶುರುವಾದ ಗಲಾಟೆ ಕೇಳಿ ಅತ್ತ ಓಡಿದ. ಮರದ ಕೆಳಗಿನ ಸಭೆಯೂ ಅವನ ಹಿಂದೆ ಹೋಯಿತು.

ನಾಲ್ಕು ಗಂಟೆ. ಪಿಲಿಪೋ ಒಬ್ಬನೇ. ಇನ್ನು ಒಂದು ಗಂಟೆಯಲ್ಲಿ ದೊಡ್ಡಮ್ಮ ಬರುತ್ತಾಳೆ. ಅವನು ಪೆನ್‌ಡ್ರೈವ್ ಚುಚ್ಚಿ, ಇನ್ನೂರರ ಸ್ವರ ಹಾಕಿ, ದೊಡ್ಡ ಪೆಟ್ಟಿಗೆಗೆ ಕಿವಿಯಾನಿಸಿ ಮಲಗಿದ. ಬೇಲಿ ಸರಿಯಿದ್ದರೆ ಪೆಟ್ಟಿಗೆ ಸುಮ್ಮನಿರಬೇಕು.

ಪೆಟ್ಟಿಗೆ ಸುಮ್ಮನಿರಲಿಲ್ಲ. ಅದೂ ತುತ್ತೂರಿಗಳೂ ಒಂದೇ ಉಸಿರಿನಲ್ಲಿ, ಒಡಕು ದನಿಯಲ್ಲಿ, ಅರ್ಧ ನಿಮಿಷ 'ಊಂ' ಎಂದು ಕೂಗಿದವು. ಹಲ್ಲು ಅದುರಿ ಪಿಲಿಪೋ ನಾಲಗೆ ಕಚ್ಚಿಕೊಂಡ. ಎದ್ದು ನೋಡಿದರೆ ಕ್ರಾಸ್‌ಓವರ್ ಇನ್ನೂರೈವತ್ತರಲ್ಲಿದೆ. ಕಿಸೋನನ ಏಳು ವಾರಗಳನ್ನು ಶಪಿಸುತ್ತ ಎಂಬತ್ತಕ್ಕೆ ತಂದು, ಇನ್ನೊಂದು ಸಲ ಅದೇ ಸ್ವರ ಹಾಕಿದ. ಪೆಟ್ಟಿಗೆ ಬಾಯಿ ಮುಚ್ಚಿತ್ತು, ತುತ್ತೂರಿಗಳು ಮಾತ್ರ ಇನ್ನೂ ಒಡೆಯುತ್ತಿದ್ದವು. ಆಗ ಗೇನ್ ಕಣ್ಣಿಗೆ ಬಿತ್ತು. ಸ್ವರ ನಿಲ್ಲಿಸಿ, ತಂತಿ ಬಿಚ್ಚಿ, ಮೀಟರ್ ಹಿಡಿದು ಮೊದಲಿನಿಂದ ಕೂತ.

ಎಷ್ಟು ಚೆಂದದ ಒಂದು ಗಂಟೆ ಅದು. ಯಾರೂ ಬರಲಿಲ್ಲ, ಯಾರೂ ಮುಟ್ಟಲಿಲ್ಲ, ಕ್ರಿಕೆಟ್ಟಿನ ಕೂಗೂ ಇಲ್ಲ. ಮುಳ್ಳು ಕೂದಲೆಳೆಯಷ್ಟೂ ಆಚೀಚೆಯಾಗದೆ ಮೂವತ್ತೆರಡರಲ್ಲಿ ನಿಂತಿತು. ಊರು ತನ್ನನ್ನು ಗೌರವಿಸಲು ಕಲಿತಿದೆ ಎಂದುಕೊಂಡ ಪಿಲಿಪೋ.

ಊರು ಮನೆಯೊಳಗೆ ಕಣ್ಣು ಮುಚ್ಚಿ ಕೂತಿತ್ತು. ದಿನಾ ಸಂಜೆ ಆರೂವರೆಗೆ ಎನೆಲಿಕೋ ಅಜ್ಜ ಚರ್ಚಿನ ಮುಂದೆ ನಿಂತು ಮೂರು ಸಲ ಶಂಖ ಊದುತ್ತಾನೆ. ಮೊದಲನೆಯದಕ್ಕೆ ಎಲ್ಲರೂ ಮನೆ ಸೇರಬೇಕು, ಎರಡನೆಯದಕ್ಕೆ ಪ್ರಾರ್ಥನೆ ಶುರು, ಮೂರನೆಯದಕ್ಕೆ ಮುಕ್ತಾಯ. ನಡುವೆ ರಸ್ತೆಯಲ್ಲಿ ಮನುಷ್ಯರಾಗಲಿ ಗಾಡಿಯಾಗಲಿ ಕಾಣಿಸಿಕೊಂಡರೆ ದಂಡ. ಅಂದು ನಾಲ್ಕಕ್ಕೇ ಮೊದಲನೆಯದು ಮೊಳಗಿದಾಗ ಯಾರೂ ಗಡಿಯಾರ ನೋಡಲಿಲ್ಲ. ಹೊಡೆದ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಎರಡೂ ತಂಡಗಳು ಮನೆ ಸೇರಿದ್ದವು. ನಿದ್ದೆಯಲ್ಲಿದ್ದ ಎನೆಲಿಕೋ ಅಜ್ಜ, ತಾನೇ ಊದಿ ಮರೆತೆನೋ ಎಂದು ಬೆವರುತ್ತ ಎದ್ದು ಪ್ರಾರ್ಥನೆಗೆ ಕೂತ. ಎರಡನೆಯದೂ ಆಯಿತು. ಮೂರನೆಯದು ಮಾತ್ರ ಬರಲೇ ಇಲ್ಲ.

ಐದಾದರೂ ದೊಡ್ಡಮ್ಮನ ಸುಳಿವಿಲ್ಲದ್ದರಿಂದ ಪಿಲಿಪೋ ಕಿಟಕಿಯಿಂದ ಹಣಕಿದ. ಮೈದಾನದಲ್ಲಿ ಬ್ಯಾಟು ಅನಾಥವಾಗಿ ಬಿದ್ದಿತ್ತು. ಊರ ಬಾಯಲ್ಲಿ, ಪ್ರಾರ್ಥನೆಯ ಹೊತ್ತಿಗೆ ರಸ್ತೆ ಕಾಯುವ ಯುವಕರು ತಾನಿಯೆಲುವಿನ ತುಂಬಿದ ಬಸ್ಸನ್ನು ತಡೆದು ನಿಂತಿದ್ದರು. ಮನೆಮನೆಯಿಂದಲೂ ದಣಿದ ಕೀರ್ತನೆ ಕೇಳುತ್ತಿತ್ತು. ನಾಳಿನ ಸ್ಪರ್ಧೆಗೆಂದು ಪಾದ್ರಿಗಳು ವಿಶೇಷ ಪ್ರಾರ್ಥನೆ ಇಟ್ಟಿರಬೇಕು ಎಂದುಕೊಂಡು, ತಂತಿ ಜೋಡಿಸಿ, ಕೊನೆಯ ಪರೀಕ್ಷೆಗೆ ಸ್ವರ ಹಾಕಿದ. ಈ ಸಲ ಅದು ಎಳನೀರಿನ ಹಾಗೆ ತಿಳಿಯಾಗಿ, ದುಂಡಗೆ, ಎಲ್ಲೂ ಬಿರುಕಿಲ್ಲದೆ ಹರಿಯಿತು.

ಎಲ್ಲ ಮನೆಗಳಿಂದ ಜನ ಒಮ್ಮೆಗೇ ಹೊರಗೆ ಬಿದ್ದರು. ಅವರ ಮುಂದೆ ಅವನ ಹೆಂಡತಿ ಸೀಯಾ ಇದ್ದಳು, ಕೈಯಲ್ಲಿ ಕರಟಿದ ಪಾತ್ರೆ ಹಿಡಿದು.

"ಒಂದ್ ಗಂಟೆ ಪ್ರಾರ್ಥನೆ ಮಾಡ್ದೆ," ಎಂದಳು. "ನನ್ ಪಾಪ ಮುಗೀತು, ನಿನ್ನವೂ ಮುಗಿದ್ವು. ಮಾಡೋಕೇನೂ ಇಲ್ಲ ಅಂತ ಕಿಸೋನನ ಪಾಪಕ್ಕೂ ಕ್ಷಮೆ ಕೇಳ್ದೆ. ಊದಿದ್ದು ನೀನಂತಲ್ಲ."

ಮುಂದಿನದೆಲ್ಲ ಕ್ರಮಪ್ರಕಾರ ನಡೆಯಿತು. ಊರ ಯಜಮಾನರು ಸಭಾಮನೆಯಲ್ಲಿ ಕಂಬಕ್ಕೊಬ್ಬರಂತೆ ಕೂತರು. ಪಿಲಿಪೋ ಹೊರಗೆ ಹುಲ್ಲಿನ ಮೇಲೆ ಕೂತು ತಲೆ ಬಗ್ಗಿಸಿದ. ಸೀಯಾ ಮನೆಯ ಅತಿ ನುಣುಪಾದ ಚಾಪೆಯನ್ನು ಅವನ ಮೇಲೆ ಹೊದಿಸಿದಳು. ಕ್ಷಮೆ ಸಿಕ್ಕರೆ ಒಳಗಿನವರು ಬಂದು ಚಾಪೆ ತೆಗೆಯುತ್ತಾರೆ, ಇಲ್ಲದಿದ್ದರೆ ಅದರಡಿ ಬೇಯುತ್ತಿರಬೇಕು. ಎಷ್ಟು ಹಂದಿಗಳ ದಂಡ ಎಂದು ಲೆಕ್ಕ ಹಾಕುತ್ತ ಬೇಯುತ್ತಿದ್ದ ಪಿಲಿಪೋನಿಗೆ ಎನೆಲಿಕೋ ಅಜ್ಜನ ನಡುಗುವ ದನಿ ಕೇಳಿತು. ಹುಡುಗ ಬೇಕೆಂದು ಮಾಡಿದ್ದಲ್ಲ, ದಂಡ ಬೇಡ ಎಂದು ಅಜ್ಜ ಬೇಡಿಕೊಳ್ಳುತ್ತಿದ್ದ. ಚಾಪೆಯ ಕತ್ತಲಲ್ಲಿ ಪಿಲಿಪೋನ ಕಣ್ಣು ತುಂಬಿ ಬಂತು. ಆಮೇಲೆ ಲುಸಿಯಾ ದೊಡ್ಡಮ್ಮ ಮಾತಾಡಿದಳು.

"ಮೂರನೇ ಸಲದ ಸ್ವರ ಕೇಳಿದ್ರಾ? ನಲವತ್ತು ಜನ ಒಂದೇ ಬಾಯಲ್ಲಿ ಹಾಡಿದ ಹಾಗಿತ್ತು. ಇನ್ನೊಂದ್ ಬಸ್ಸಿಂದು ಕೇಳೋದೇನಿದೆ? ನಾಳೆ ನಾವು ಪಿಲಿಪೋನ ಬಸ್ಸಲ್ಲೇ ಹೋಗೋದು."

ಚಾಪೆ ಮೇಲೆದ್ದಿತು. ಪಿಲಿಪೋ ಬೆಳಕಿಗೆ ಕಣ್ಣು ಕಿರಿದು ಮಾಡಿ ನಕ್ಕ. ರಸ್ತೆಯಲ್ಲಿ ನಿಂತಿದ್ದ ತಾನಿಯೆಲುವಿನ ಮುಖ ನೋಡಿ ಇನ್ನೂ ಅಗಲವಾಗಿ ನಕ್ಕ. ಮೂರು ತಿಂಗಳ ಮೋಡಗಳೆಲ್ಲ ಚದುರಿದ್ದವು.

"ಒಂದೇ ಒಂದು ಮಾತು," ಎಂದ ಎನೆಲಿಕೋ ಅಜ್ಜ, ಸಭೆಗೆ ಕೈ ಮುಗಿಯುವಂತೆ ಬಾಗಿ. "ನಂಗೆ ಉಸಿರು ಸಾಲ್ತಿಲ್ಲ. ಗುಡ್ಡದ ಮೇಲಿನ ಮನೆಗಳಿಗೆ ನನ್ ಶಂಖ ಕೇಳ್ಸಲ್ಲ. ಇವತ್ತು ಅಲ್ಲಿಯವ್ರೂ ಪ್ರಾರ್ಥನೆ ಮಾಡಿದಾರೆ. ಇನ್ಮೇಲೆ ಈ ಮಗುವಿನ ಬಸ್ಸೇ ಊದಲಿ."

ಯಜಮಾನರಿಗೆ ಇದು ಬಹಳ ಹಿಡಿಸಿತು. ದಂಡ ಬಿಟ್ಟಂತೆಯೂ ಆಯಿತು, ಊರಿಗೆ ಉಪಯೋಗವೂ ಆಯಿತು. ನಾಳೆಯಿಂದಲೇ, ಪ್ರತಿದಿನ ಆರೂವರೆಗೆ, ಪಿಲಿಪೋನ ಬಸ್ಸು ಚರ್ಚಿನ ಮುಂದೆ ನಿಂತಿರಬೇಕು ಎಂದು ತೀರ್ಮಾನವಾಯಿತು. ಇಂಥ ಗೌರವ ಯಾರಿಗುಂಟು ಎಂದು ಪಿಲಿಪೋ ನೆಲಕ್ಕೆ ಹಣೆ ತಾಗುವಷ್ಟು ಬಾಗಿದ. ಬಾಗಿದವನು ಏಳುವಷ್ಟರಲ್ಲಿ ದೊಡ್ಡಮ್ಮ ಬೆರಳು ಮಡಿಸಿ ಎಣಿಸುತ್ತಿದ್ದಳು.

"ಸ್ಪರ್ಧೆ ಏಳು ಗಂಟೆಗೆ," ಎಂದಳು. "ಆಪಿಯಾಕ್ಕೆ ಒಂದೂವರೆ ಗಂಟೆ ದಾರಿ." ಆಮೇಲೆ ರಸ್ತೆಯ ಕಡೆ ತಿರುಗಿ, "ತಾನಿಯೆಲು, ನಾಳೆ ನಾಲ್ಕೂವರೆಗೆ ಬಸ್ಸು ತೊಳ್ದು ತಂದ್ಬಿಡಪ್ಪ."

ಶನಿವಾರ ಬಿಳಿ ಬಟ್ಟೆಯವರು ಒಬ್ಬರ ತೊಡೆಯ ಮೇಲೊಬ್ಬರು ಕೂತರು. ಹಾಡಲು ಬಾರದವರು ಚಪ್ಪಾಳೆಗೆಂದು ಹತ್ತಿದರು. ಚಪ್ಪಾಳೆಗೂ ಬೇಡದ ಕಿಸೋನ, ತಾನಿಯೆಲುವಿನ ರೇಡಿಯೋದ ಗುಂಡಿಗಳನ್ನು ನೋಡಿಕೊಳ್ಳಲು ಹತ್ತಿದ. ಸೀಯಾಳೂ ಹೋದಳು. ಬಸ್ಸು ಹೊರಟಾಗ ಕೊನೆಯ ಕಿಟಕಿಯಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳೊಂದು ಪಿಲಿಪೋನತ್ತ ಬೀಸಿತು. ಎನೆಲಿಕೋ ಅಜ್ಜ.

"ಸಂಜೆ ಹೊತ್ತು ಆಪಿಯಾ ನೋಡಿ ನಲವತ್ತೊಂದು ವರ್ಷ ಆಯ್ತು ಮಗಾ," ಎಂದು ಅವನು ಕೂಗಿದ. ಉಸಿರು ಸಾಲದವನ ದನಿ ಗುಡ್ಡಕ್ಕೆ ಬಡಿದು ಎರಡು ಸಲ ಮರಳಿ ಬಂತು.

ಆರೂವರೆಗೆ ಪಿಲಿಪೋ ಸ್ವರ ಹಾಕಿದ. ಅದು ಖಾಲಿ ಮನೆಗಳನ್ನು ದಾಟಿ, ತೆಂಗಿನ ಸಾಲು ದಾಟಿ, ಎಲ್ಲೂ ಒಡೆಯದೆ ಸಮುದ್ರಕ್ಕೆ ಹೋಯಿತು. ರಸ್ತೆ ದಾಟುತ್ತಿದ್ದ ಹಂದಿಯೊಂದು ನಡುವೆಯೇ ನಿಂತು, ಎರಡನೆಯದಕ್ಕಾಗಿ ಅವನ ಮುಖ ನೋಡಿತು.